ಪಾಲಿಗೆ ಬಂದ ಹೇಂಟೆ

ಚನ್ನರಾಯಪಟ್ಟಣದ ಕಡೆಯ ನಮ್ಮ ಊರಿನಲ್ಲಿ ಕುರಿ, ಮೇಕೆಗಳನ್ನು ಪಾಲಿಗೆ ಕೊಡುವಂತೆ ಕೋಳಿಯನ್ನೂ ಪಾಲಿಗೆ ಕೊಡುವ ರೂಢಿ ಇನ್ನೂ ಉಳಿದಿದೆ. ಹೇಂಟೆ ಒಬ್ಬರದು, ಸಾಕುವವರು ಮತ್ತೊಬ್ಬರು. ಮರಿಗಳು ಬಲಿತ ಮೇಲೆ ಇಬ್ಬರಿಗೂ ಸಮಪಾಲು, ತಾಯಿ ಕೋಳಿ ಮಾತ್ರ ಒಡೆಯರ ಮನೆಗೆ ವಾಪಸು. ಪಕ್ಕದ ಮನೆಯ ಅಜ್ಜಿ ತಮ್ಮ ಕಪ್ಪು ಹೇಂಟೆಯನ್ನು ನಮಗೆ ಕೊಟ್ಟದ್ದು ಈ ಕರಾರಿನ ಮೇಲೆಯೇ. ಸಂಕ್ರಾಂತಿ ಕಳೆದಿತ್ತು, ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಮರಿ ಮಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲವೆಂದು ಅಜ್ಜಿಯ ಲೆಕ್ಕ. ಬೇಸಿಗೆ ಏರಿದರೆ ಮೊಟ್ಟೆ ಬೇಗ ಕೆಡುತ್ತದೆ, ಮಳೆಗಾಲದಲ್ಲಿ ಮರಿ ನೆನೆದು ಸಾಯುತ್ತದೆ.

ಹೇಂಟೆ ಕಾವಿಗೆ ಬಂದದ್ದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಟ್ಟೆಯಿಡುವುದನ್ನು ನಿಲ್ಲಿಸಿ ಗೂಡಿನಲ್ಲೇ ಮೈ ಉಬ್ಬಿಸಿಕೊಂಡು ಕುಳಿತಿತ್ತು. ಕೈ ಚಾಚಿದರೆ ಗಂಟಲಲ್ಲೇ ಗುರುಗುಟ್ಟಿ ಕುಕ್ಕುತ್ತಿತ್ತು. ಎದೆಯ ಪುಕ್ಕಗಳನ್ನು ತಾನೇ ಕಿತ್ತುಕೊಂಡದ್ದರಿಂದ ಆ ಜಾಗದ ಚರ್ಮ ಬರಿದಾಗಿ, ಮುಟ್ಟಿದರೆ ಬಿಸಿ ತಟ್ಟುತ್ತಿತ್ತು. ಆ ಬರಿ ಚರ್ಮವೇ ಮೊಟ್ಟೆಗೆ ನೇರವಾಗಿ ತಾಗಿ ಕಾವು ಕೊಡುತ್ತದೆ. ಮೊಟ್ಟೆಯ ವ್ಯಾಪಾರಕ್ಕೆಂದೇ ಬೆಳೆಸಿದ ಫಾರಂ ತಳಿಗಳಲ್ಲಿ ಈ ಗುಣ ಹೆಚ್ಚುಕಡಿಮೆ ಅಳಿದೇಹೋಗಿದೆ. ಕಾವು ಕೂತ ಕೋಳಿ ಮೊಟ್ಟೆಯಿಡುವುದಿಲ್ಲವಾದ್ದರಿಂದ, ಕೂರದ ಕೋಳಿಗಳನ್ನೇ ತಲೆಮಾರುಗಳ ಕಾಲ ಆರಿಸಿಕೊಂಡು ಬಂದುದರ ಫಲ ಅದು. ನಾಟಿ ಕೋಳಿಯಲ್ಲೂ ಕಾವು ಬಿಡಿಸಲು ನೀರಿನಲ್ಲಿ ಮುಳುಗಿಸುವುದು, ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು ನಮ್ಮಲ್ಲಿ ಉಂಟು. ನನಗೆ ಅದು ನೋಡಲಾಗದ ಕೆಲಸ.

ಅಜ್ಜಿಯೇ ಬಂದು ಮಂಕರಿ ಸಿದ್ಧಪಡಿಸಿದರು. ತಳಕ್ಕೆ ಒಲೆಯ ಬೂದಿ ಬೆರೆಸಿದ ಮರಳು, ಅದರ ಮೇಲೆ ರಾಗಿ ಹುಲ್ಲು, ನಡುವೆ ಕೈಯಿಂದ ಒತ್ತಿ ಮಾಡಿದ ಹಳ್ಳ, ಹೇನಿನ ಕಾಟ ತಪ್ಪಲೆಂದು ಒಂದು ಹಿಡಿ ಬೇವಿನ ಸೊಪ್ಪು. ಕೊನೆಗೆ ಹುಲ್ಲಿನ ಅಂಚಿನಲ್ಲಿ ಒಂದು ಕಬ್ಬಿಣದ ಮೊಳೆಯನ್ನೂ ಇದ್ದಿಲಿನ ಚೂರನ್ನೂ ಸಿಕ್ಕಿಸಿದರು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅದು. ಆ ತಿಂಗಳಲ್ಲಿ ಗುಡುಗು ಎಲ್ಲಿಂದ ಬರಬೇಕೆಂದು ಕೇಳಿದ್ದಕ್ಕೆ, "ಬರಾಕಿಲ್ಲ ಅಂತ ನಿಂಗೆ ಹೇಳ್ಬುಟ್ಟು ಹೋಗದಾ?" ಎಂದರು. ನಾನು ಮೊಳೆಯನ್ನು ತೆಗೆಯಲಿಲ್ಲ.

ಮೊಟ್ಟೆ ಹನ್ನೊಂದು. ಬೆಸ ಸಂಖ್ಯೆಯೇ ಆಗಬೇಕೆಂಬುದು ಅಜ್ಜಿಯ ನಿಯಮ. ಏಳು ಅದೇ ಹೇಂಟೆಯವು. ಉಳಿದ ನಾಲ್ಕು, ಪರಿಚಯದವರೊಬ್ಬರ ಮನೆಯಿಂದ ನಾನು ತಂದ ಗಿರಿರಾಜ ಕೋಳಿಯವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿ ಮನೆಯಂಗಳಕ್ಕೆ ಹೊಂದಿಕೊಂಡು ನಾಟಿಗಿಂತ ಬೇಗ ಮೈತುಂಬುತ್ತದೆ, ಆದರೆ ಕಾವು ಕೂರುವುದರಲ್ಲಿ ಅದನ್ನು ನಂಬುವಂತಿಲ್ಲ. ಹೀಗಾಗಿ ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡುವವರು ಬಹಳ ಮಂದಿ. "ಯಾರ ಮನೆ ಕೂಸನ್ನ ಯಾರ ಮಡ್ಲಿಗೆ ಹಾಕ್ತಿಯೋ" ಎಂದು ಅಜ್ಜಿ ಗೊಣಗಿದರೂ ಬೇಡವೆನ್ನಲಿಲ್ಲ. ಎಲ್ಲ ಮೊಟ್ಟೆಗಳ ಮೇಲೂ ಇದ್ದಿಲಿನಿಂದ ಒಂದೊಂದು ಗೀಟು ಎಳೆದೆವು. ಕಾವು ಕೂತ ಕೋಳಿ ಮೇವಿಗೆ ಎದ್ದ ಹೊತ್ತಿನಲ್ಲಿ ಬೇರೆ ಕೋಳಿಗಳು ಅದೇ ಗೂಡಿಗೆ ನುಗ್ಗಿ ಮೊಟ್ಟೆಯಿಡುವುದುಂಟು; ಗೀಟಿಲ್ಲದ್ದನ್ನು ಅಂದಂದೇ ತೆಗೆಯದಿದ್ದರೆ ಕೆಲವು ಒಡೆಯುವ ಹೊತ್ತಿಗೆ ಕೆಲವು ಅರೆಬೆಂದಂತೆ ಉಳಿದುಬಿಡುತ್ತವೆ. ಕತ್ತಲಾದ ಮೇಲೆ ಹೇಂಟೆಯನ್ನೆತ್ತಿ ಕೊಟ್ಟಿಗೆಯ ಮೂಲೆಯ ಮಂಕರಿಯಲ್ಲಿ ಕೂರಿಸಿದೆವು. ಹಗಲಲ್ಲಿ ಜಾಗ ಬದಲಿಸಿದರೆ ಎದ್ದು ಹಳೆಯ ಗೂಡಿಗೇ ಓಡುತ್ತದೆ.

ಆಮೇಲಿನ ದಿನಗಳಲ್ಲಿ ನಮಗೆ ಹೆಚ್ಚಿನ ಕೆಲಸವಿರಲಿಲ್ಲ. ದಿನಕ್ಕೊಮ್ಮೆ ಎದ್ದು ಬಂದು ಕಾಳು ತಿಂದು, ನೀರು ಕುಡಿದು, ಒಂದೇ ಸಲಕ್ಕೆ ದೊಡ್ಡದಾಗಿ, ಮೂಗು ಬಿಡಲಾಗದಷ್ಟು ನಾರುವಂತೆ ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಾಡಿ, ಅರ್ಧ ಗಂಟೆಯೊಳಗೆ ಮತ್ತೆ ಮಂಕರಿ ಸೇರುತ್ತಿತ್ತು. ಕೂತಲ್ಲೇ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿ, ಅಂಚಿನವನ್ನು ನಡುವೆ, ನಡುವಿನವನ್ನು ಅಂಚಿಗೆ ಸರಿಸುತ್ತಿತ್ತು. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಎಂಟನೆಯ ರಾತ್ರಿ ಮೊಬೈಲಿನ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದೆವು. ಜೀವವಿದ್ದವುಗಳಲ್ಲಿ ಕೆಂಪು ನರಗಳ ಬಲೆ, ಅದರ ನಡುವೆ ಅಲುಗುವ ಕಪ್ಪು ಚುಕ್ಕಿ. ಎರಡರಲ್ಲಿ ಏನೂ ಇರಲಿಲ್ಲ, ಬೆಳಕು ಆಚೆಗೆ ಹಾದುಹೋಯಿತು. ಆ ಗೊಡ್ಡು ಮೊಟ್ಟೆಗಳನ್ನು ತೆಗೆದುಹಾಕಿದೆವು. ಒಂದು ನಾಟಿಯದು, ಇನ್ನೊಂದು ಗಿರಿರಾಜದ್ದು.

ಇಪ್ಪತ್ತನೆಯ ದಿನ ಸಂಜೆ ಅಜ್ಜಿ ಒಂದು ಮೊಟ್ಟೆಯನ್ನು ನನ್ನ ಕಿವಿಗೆ ಹಿಡಿದರು. ಒಳಗಿನಿಂದ ಟಕ್ ಟಕ್ ಎನ್ನುವ ಸಣ್ಣ ಸದ್ದು, ನಡುನಡುವೆ ಕ್ಷೀಣವಾದ ಚಿಂವ್. ಹೇಂಟೆಯೂ ಅಲ್ಲಿಯವರೆಗೆ ಕೇಳದಿದ್ದ ಮೆಲುದನಿಯಲ್ಲಿ ಕುಟುಕುಟು ಎನ್ನುತ್ತಾ ಅದಕ್ಕೆ ಉತ್ತರಿಸುತ್ತಿತ್ತು. ಮರಿ ಚಿಪ್ಪು ಒಡೆಯುವುದಕ್ಕೆ ಮೊದಲು ಮೊಟ್ಟೆಯ ದಪ್ಪ ತುದಿಯ ಗಾಳಿಕೋಣೆಗೆ ಕೊಕ್ಕು ತೂರಿಸಿ ಉಸಿರಾಟ ಆರಂಭಿಸುತ್ತದೆ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿನಲ್ಲಿ ಒಂದು ಬಿರುಕು ಮಾಡಿ, ಅಷ್ಟಕ್ಕೇ ಗಂಟೆಗಟ್ಟಲೆ ಸುಮ್ಮನಾಗಿಬಿಡುತ್ತದೆ. ಕಾಯುವವನನ್ನು ಕಂಗೆಡಿಸುವುದು ಈ ಮೌನವೇ. ಒಂದು ಮೊಟ್ಟೆ ರಾತ್ರಿ ಬಿರುಕು ಬಿಟ್ಟದ್ದು ಬೆಳಿಗ್ಗೆ ಹಾಲು ಕರೆಯುವ ಹೊತ್ತಾದರೂ ಹಾಗೆಯೇ ಇತ್ತು. ಅಷ್ಟರಲ್ಲಿ ಬೇರೆ ಐದು ಮರಿಗಳು ಹೊರಬಂದು ತಾಯಿಯ ರೆಕ್ಕೆಯ ಕೆಳಗೆ ಒಣಗುತ್ತಿದ್ದವು. ಉಗುರಿನಿಂದ ಒಂದಿಷ್ಟು ಚಿಪ್ಪು ಬಿಡಿಸಿಕೊಡೋಣವೇ ಎಂದೆ. "ಕೈ ಹಾಕ್ಬ್ಯಾಡ ಕಣಪ್ಪ, ರಕ್ತ ಇನ್ನೂ ಆರಿಲ್ಲ" ಎಂದರು ಅಜ್ಜಿ. ಆ ಮಾತು ಅಕ್ಷರಶಃ ನಿಜ. ಒಳಪೊರೆಯ ನರಗಳಲ್ಲಿ ರಕ್ತ ಆಗ ಇನ್ನೂ ಹರಿಯುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಅವಸರಪಟ್ಟು ಪೊರೆ ಹರಿದರೆ ಮರಿ ರಕ್ತ ಸುರಿದು ಸಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಚಿಪ್ಪಿನ ಸುತ್ತ ತಾನೇ ಕೊರೆದುಕೊಂಡು ಬಂದು, ಕಾಲಿನಿಂದ ಒದ್ದು, ಒದ್ದೆಮುದ್ದೆಯಾಗಿ ಹೊರಕ್ಕೆ ಬಿತ್ತು. ಸಂಜೆಗೆ ಎಂಟು ಮರಿಗಳಾದವು. ಒಂಬತ್ತನೆಯದು ಚಿಪ್ಪಿನೊಳಗೇ ಸತ್ತಿತ್ತು.

ಮರುದಿನವೂ ಮರಿಗಳಿಗೆ ಏನನ್ನೂ ಕೊಡುವ ಅಗತ್ಯ ಬೀಳಲಿಲ್ಲ. ಹೊಟ್ಟೆ ಸೇರಿದ ಹಳದಿ ಲೋಳೆಯ ಬಲದ ಮೇಲೆ ಅವು ಎರಡು ದಿನ ತಡೆದುಕೊಳ್ಳಬಲ್ಲವು. ತಡವಾಗಿ ಹುಟ್ಟುವವುಗಳಿಗಾಗಿ ತಾಯಿ ಗೂಡಿನಲ್ಲೇ ಉಳಿಯಲು ಸಾಧ್ಯವಾಗುವುದು ಅದರಿಂದಲೇ. ಆಮೇಲೆ ಅಕ್ಕಿ ನುಚ್ಚು ಹಾಕಿದೆವು, ತಗ್ಗು ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರಿಟ್ಟೆವು. ಒಡಕು ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ತೋಟದಲ್ಲಿ ಬೋರಲು ಹಾಕಿಟ್ಟರೆ ಬೆಳಗಾಗುವುದರೊಳಗೆ ಗೆದ್ದಲು ಹತ್ತಿರುತ್ತದೆ. ಅದನ್ನು ಅಂಗಳದಲ್ಲಿ ಕೊಡವಿದಾಗ ಹೇಂಟೆಯ ನಡವಳಿಕೆ ನೋಡಬೇಕು. ಒಂದು ಹುಳುವನ್ನು ಕೊಕ್ಕಿನಲ್ಲಿ ಎತ್ತುವುದು, ಕೆಳಕ್ಕೆ ಹಾಕುವುದು, ಮತ್ತೆ ಎತ್ತುವುದು. ಜೊತೆಗೆ ಬಿಡದೆ ಕುಕ್ ಕುಕ್ ಎಂದು ಕರೆಯುವುದು. ಮರಿ ಬಂದು ಕಿತ್ತುಕೊಳ್ಳುವ ತನಕ ತಾನು ನುಂಗುತ್ತಿರಲಿಲ್ಲ. ಮಷೀನಿನಲ್ಲಿ ಮಾಡಿಸಿದ ಮರಿಗಳನ್ನು ಬಲ್ಬಿನ ಕೆಳಗೆ ಸಾಕಿದವರನ್ನು ನಾನು ಬಲ್ಲೆ. ಶಾಖವನ್ನು ಬಲ್ಬು ಕೊಡುತ್ತದೆ, ನಿಜ. ಈ ಪಾಠವನ್ನು ಅದು ಹೇಳಿಕೊಡುವುದಿಲ್ಲ.

ಏಳನೆಯ ದಿನಕ್ಕೆ ಲಸಿಕೆ. ನಮ್ಮವರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಬಂದರೆ ನಾಟಿ, ಫಾರಂ ಎಂಬ ಭೇದವಿಲ್ಲದೆ ಕೇರಿಯ ಕೋಳಿಗಳೆಲ್ಲ ಗುಡಿಸಿಹೋಗುತ್ತವೆ. ಕಣ್ಣಿಗೋ ಮೂಗಿಗೋ ಒಂದು ಹನಿ ಬಿಟ್ಟರೆ ಸಾಕು. ತೊಡಕೆಂದರೆ ಸೀಸೆ ನೂರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಬಹಳ ಹೊತ್ತು ಇಡುವಂತಿಲ್ಲ. ಆದ್ದರಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಸೀಸೆ ತಂದು, ಕೇರಿಯವರ ಮರಿಗಳನ್ನೆಲ್ಲ ಬುಟ್ಟಿಗಳಲ್ಲಿ ನಮ್ಮ ಜಗಲಿಗೆ ತರಿಸಿಕೊಂಡು ಹನಿ ಹಾಕಿದೆವು.

ಒಂದು ಮರಿಯನ್ನು ಹದ್ದು ಒಯ್ದಿತು. ಆಕಾಶದಲ್ಲಿ ನೆರಳು ಸುಳಿದಾಗ ಹೇಂಟೆ ಎಳೆದ ದನಿಯಲ್ಲಿ ಒಂದೇ ಕೂಗು ಹಾಕಿತು, ಮರಿಗಳು ಸೀಗೆ ಬೇಲಿಯ ಕೆಳಗೆ ಮಾಯವಾದವು. ನಾಯಿಯನ್ನೋ ಮುಂಗುಸಿಯನ್ನೋ ಕಂಡಾಗ ಅದು ಹಾಕುತ್ತಿದ್ದ ಗದ್ದಲವೇ ಬೇರೆ. ಬೇಲಿ ಮುಟ್ಟದ ಮರಿಯೊಂದು ಬಾವಿಕಟ್ಟೆಯ ಬಳಿ ಸಿಕ್ಕಿಬಿತ್ತು. ಹೇಂಟೆ ಆಳೆತ್ತರ ಹಾರಿ ಹದ್ದಿನ ಮೇಲೆ ಎರಗಿದರೂ ಪ್ರಯೋಜನವಾಗಲಿಲ್ಲ.

ಎರಡು ತಿಂಗಳು ತುಂಬುವ ಹೊತ್ತಿಗೆ ಹೇಂಟೆಯ ಬಿಳಚಿದ ಜುಟ್ಟು ಮತ್ತೆ ಕೆಂಪೇರಿತು, ಹತ್ತಿರ ಬಂದ ಮರಿಗಳ ತಲೆಗೆ ಕುಕ್ಕಿ ಅಟ್ಟತೊಡಗಿತು. ಪಾಲು ಮಾಡುವ ಹೊತ್ತು ಬಂತೆಂದು ಅಜ್ಜಿ ಬುಟ್ಟಿ ಹಿಡಿದು ಬಂದರು. ಉಳಿದಿದ್ದವು ಏಳು. ಜುಟ್ಟು ನೋಡಿ ನಾಲ್ಕು ಹೇಂಟೆ, ಮೂರು ಹುಂಜ ಎಂದು ಗೊತ್ತುಮಾಡಿದೆವು. ಒಂದು ನಿಮಗೆ, ಒಂದು ನನಗೆ ಎಂದು ಆರಿಸುತ್ತಾ ಹೋದಾಗ ಅಜ್ಜಿ ಮೊದಲು ಕೈಯಿಟ್ಟದ್ದು ತಾವೇ ಗೊಣಗಿಕೊಂಡು ಒಪ್ಪಿದ್ದ ಗಿರಿರಾಜದ ಎರಡು ಹೇಂಟೆಗಳ ಮೇಲೆ. ಕೊನೆಗೆ ಒಂದು ನಾಟಿ ಹುಂಜ ಉಳಿಯಿತು. ಸಾಕಿದವನಿಗೆ ಅದು ಸೇರಬೇಕೆಂದು ನಾನು ವಾದಿಸಿದೆ. "ನೀನೇನು ಕಾವು ಕೂತಿದ್ಯಾ? ಕೂತಿದ್ದು ನನ್ನ ಯಾಟೆ" ಎಂದು ಅಜ್ಜಿ ಅದರ ಕಾಲು ಕಟ್ಟಿ ಬುಟ್ಟಿಗೆ ಹಾಕಿಕೊಂಡು, ತಾಯಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು.