ಜೊಹಾನ್ಸ್‌ಬರ್ಗ್ ಎಂಬ ಒಂದು ಹೆಸರು

9 ನವೆಂಬರ್ 2024, ಶನಿವಾರ

ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ ಕೊನೆಯ ಬಾರಿ ವೇದಿಕೆ ಹತ್ತಿ ಇಂದಿಗೆ 16 ವರ್ಷಗಳಾದವು. ಅವರ ‘ಪಾಟಾ ಪಾಟಾ’ ಹಾಡನ್ನು ಸಂಜೆ ನಾಲ್ಕು ಸಲ ಕೇಳಿದೆ. ಮೊದಲ ಸಲ ಕಣ್ಣು ಮುಚ್ಚಿ ಕುಳಿತೇ ಕೇಳಿದೆನಾದರೂ ಎರಡನೆಯ ಸಲಕ್ಕೆ ಕುಳಿತಿರಲು ಆಗಲಿಲ್ಲ. ಮೊದಲ ಸಾಲು ಮುಗಿಯುವುದರೊಳಗೆ ಹೆಗಲು ತಾನಾಗಿ ಅಲುಗಾಡತೊಡಗುತ್ತದೆ.

ಮಕೇಬಾ ಅವರ ಭಾಷೆಯಾದ ಖೋಸಾದಲ್ಲಿ ‘ಪಾಟಾ’ ಪದಕ್ಕೆ ‘ಮುಟ್ಟುವುದು’ ಎಂದರ್ಥ. ಜನರು ಆಡುವಾಗ ಪಕಾರ, ತಕಾರಗಳೆರಡನ್ನೂ ಮಹಾಪ್ರಾಣವಾಗಿಯೇ ಉಚ್ಚರಿಸುತ್ತಾರೆ. ಧ್ವನಿಮುದ್ರಿಕೆಯ ಮೇಲಿನ ಕಾಗುಣಿತದಲ್ಲಿ ಆ ಉಸಿರು ಬಿಟ್ಟುಹೋಗಿದೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರೆ ಬೇರೆ ಅಕ್ಷರಗಳಲ್ಲಿ ಕಲಿತ ನಮಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ‘ಖೋಸಾ’ ಎಂಬ ಹೆಸರಿನ ಮೊದಲ ಧ್ವನಿಯನ್ನು ಮಾತ್ರ ಕನ್ನಡದ ಯಾವ ಅಕ್ಷರವೂ ಹಿಡಿಯಲಾರದು. ಗಾಡಿ ಹೊಡೆಯುವವರು ಎತ್ತುಗಳನ್ನು ಹುರಿದುಂಬಿಸಲು ದವಡೆಯ ಪಕ್ಕದಿಂದ ನಾಲಿಗೆಯನ್ನು ಎಳೆದು ಸದ್ದು ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದು. ಹೊರದೇಶದ ಸಭೆಗಳಲ್ಲಿ ಕೆಲವರು ಈ ಧ್ವನಿಗಳನ್ನು ಬಾಯಿಯ ಚಮತ್ಕಾರವೆಂದು ತಿಳಿದು ಬೆರಗಾದಾಗ, ಇದು ಸದ್ದಲ್ಲ, ನನ್ನ ಭಾಷೆ ಎಂದು ಮಕೇಬಾ ತಿಳಿಸಿಹೇಳುತ್ತಿದ್ದರು. ತಮ್ಮ ಗುಂಗುರು ಕೂದಲನ್ನು ನೇರ ಮಾಡಿಸಿಕೊಳ್ಳಲೂ ಅವರು ಒಪ್ಪಲಿಲ್ಲ.

1950ರ ದಶಕದಲ್ಲಿ ಜೊಹಾನ್ಸ್‌ಬರ್ಗಿನ ಕಪ್ಪು ಜನರ ಬಡಾವಣೆಗಳಲ್ಲಿ ‘ಪಾಟಾ ಪಾಟಾ’ ಎಂಬ ಹೆಸರಿನ ಕುಣಿತವೊಂದು ಜನಪ್ರಿಯವಾಗಿತ್ತು. ಅದೇ ದಶಕದಲ್ಲಿ, 1955ರ ಫೆಬ್ರವರಿಯಿಂದ, ಆ ನಗರದ ಸೋಫಿಯಾಟೌನ್ ಎಂಬ ಬಡಾವಣೆಯ ಕಪ್ಪು ಜನರನ್ನು ಸರ್ಕಾರ ಒಕ್ಕಲೆಬ್ಬಿಸಿತು. ಮನೆಗಳನ್ನು ಕೆಡವಿ, ಆ ಜಾಗದಲ್ಲಿ ಬಿಳಿಯರಿಗಾಗಿ ಬಡಾವಣೆ ಕಟ್ಟಿ, ‘ವಿಜಯ’ ಎಂಬರ್ಥದ ಹೆಸರಿಟ್ಟಿತು. ಎಲ್ಲಿ ವಾಸಿಸಬೇಕು, ಯಾವ ದಾರಿಯಲ್ಲಿ ನಡೆಯಬೇಕು ಎಂಬುದನ್ನೆಲ್ಲ ಕಾನೂನು ನಿರ್ಧರಿಸುತ್ತಿದ್ದ ಊರಿನಲ್ಲಿ, ವಾರದ ದುಡಿಮೆ ಮುಗಿಸಿದ ಜನ ಬೆಳಗಿನವರೆಗೆ ಕುಣಿಯುತ್ತಿದ್ದರು. ಇದನ್ನು ಬರೀ ಮನರಂಜನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮಕೇಬಾ ಅವರಿಗೆ ಮಾತ್ರ ಈ ಹಾಡಿನ ಮೇಲೆ ಅಂಥ ಅಭಿಮಾನವಿರಲಿಲ್ಲ. 1967ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಧ್ವನಿಮುದ್ರಿಕೆ ಅಲ್ಲಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೇರಿದಾಗ, ಅರ್ಥವಿರುವ ಎಷ್ಟೋ ಹಾಡುಗಳನ್ನು ಬಿಟ್ಟು ಈ ಹಗುರವಾದ ಹಾಡನ್ನೇ ಜಗತ್ತು ಮೆಚ್ಚಿಕೊಂಡಿತಲ್ಲ ಎಂದು ಅವರು ಬೇಸರಪಟ್ಟುಕೊಂಡಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. 1960ರಲ್ಲಿ ಹೊರದೇಶದಿಂದ ತಾಯಿಯ ಅಂತ್ಯಕ್ರಿಯೆಗೆ ಊರಿಗೆ ಹೊರಟವರಿಗೆ ತಮ್ಮ ಪಾಸ್‌ಪೋರ್ಟ್ ರದ್ದಾಗಿರುವುದು ಗೊತ್ತಾಯಿತು. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದ ನೀತಿಯ ವಿರುದ್ಧ ಮಾತನಾಡಿದ ಬಳಿಕ ಅವರ ಹಾಡುಗಳೂ ಸ್ವದೇಶದಲ್ಲಿ ನಿಷೇಧಕ್ಕೊಳಗಾದವು. ಇಷ್ಟು ದುಃಖವನ್ನು ಹೊತ್ತವರು ಪ್ರತಿ ಸಭೆಯಲ್ಲಿಯೂ ಕುಣಿತದ ಹಾಡನ್ನೇ ಹಾಡಬೇಕಾಗಿ ಬಂದರೆ ಬೇಸರವಾಗದೆ ಇದ್ದೀತೆ?

ಆದರೂ ಇಂದು ಮೂರನೆಯ ಸಲ ಕೇಳುವಾಗ ಹಾಡಿನ ನಡುವಿನ ಮಾತುಗಳಿಗೆ ಕಿವಿಗೊಟ್ಟೆ. ಅಲ್ಲಿ ಅವರು ಹಾಡುವುದನ್ನು ನಿಲ್ಲಿಸಿ, ವಾದ್ಯಗಳು ನುಡಿಯುತ್ತಿರುವಂತೆಯೇ, ಇದು ಜೊಹಾನ್ಸ್‌ಬರ್ಗಿನ ಕಡೆ ನಾವು ಕುಣಿಯುವ ಕುಣಿತ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ‘ನಾವು’ ಎನ್ನುತ್ತಾರೆ, ‘ಕುಣಿಯುವ’ ಎಂದು ವರ್ತಮಾನದಲ್ಲಿಯೇ ಹೇಳುತ್ತಾರೆ. ತಾವು ಕಾಲಿಡುವಂತಿಲ್ಲದ ಊರನ್ನು, ನಿನ್ನೆಯಷ್ಟೇ ಅಲ್ಲಿಂದ ಬಂದವರಂತೆ, ನಗುತ್ತ ಹೆಸರಿಸುತ್ತಾರೆ. ಅಷ್ಟು ವರ್ಷ ಕೇಳಿಯೂ ಆ ಹೆಸರು ನನ್ನ ಕಿವಿಗೆ ಹೀಗೆ ತಾಕಿರಲಿಲ್ಲ.

ಅವರು ಮರಳಿ ಊರು ಸೇರಿದ್ದು 1990ರಲ್ಲಿ. 2008ರ ಇದೇ ದಿನ ರಾತ್ರಿ, ಇಟಲಿಯ ಕಾಸ್ಟೆಲ್ ವೋಲ್ಟುರ್ನೊದಲ್ಲಿ, ಆರು ಮಂದಿ ಆಫ್ರಿಕನ್ ವಲಸಿಗರು ಕೊಲೆಯಾಗಿದ್ದ ಊರಿನಲ್ಲಿ, ಕೊಲೆಗಡುಕರ ಕೂಟದ ವಿರುದ್ಧ ನಡೆದ ಸಭೆಯಲ್ಲಿ ಅವರು ಹಾಡಿದರು. ‘ಪಾಟಾ ಪಾಟಾ’ ಮುಗಿದ ಮೇಲೆ ಕುಸಿದವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆಗ ಅವರಿಗೆ 76 ವರ್ಷ.

ನಾಲ್ಕನೆಯ ಸಲ ಹಾಡು ಹಾಕಿದಾಗ ಆ ಊರಿನ ಹೆಸರು ಬರುವವರೆಗೆ ನಿಂತೇ ಇದ್ದೆ. ಆಮೇಲೆ ನನಗೆ ಬಂದಷ್ಟು ಕುಣಿದೆ.