ಕೋಟೆ ಬಿದ್ದ ಮೇಲೆ ಆಟ ಮುಗಿಯಬೇಕಾ?

2024ರ ದೀಪಾವಳಿಗೆ ಸುರಪುರಕ್ಕೆ ಹೋಗಿದ್ದೆ. ಸೋದರಮಾವನ ಮನೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ನಾನು ಮಾಡುತ್ತಿರುವ ಕಂಪ್ಯೂಟರ್ ಆಟದೊಳಗಿನ ಒಂದು ದೋಷ ಹುಡುಕುತ್ತಿದ್ದೆ. ಮಾವ ಹಿಂದೆ ಬಂದು ನಿಂತರು. ಪರದೆ ಮೇಲೆ ವಾಗಣಗೇರಾ ಕೋಟೆ ಉರಿಯುತ್ತಿತ್ತು. ಮೊಗಲರ ಸೈನ್ಯ ಬಾಗಿಲು ದಾಟಿ ಒಳಗೆ ಬಂತು. ಪರದೆ ಕಪ್ಪಾಯಿತು. ದೊಡ್ಡ ಅಕ್ಷರದಲ್ಲಿ "ನೀವು ಸೋತಿರಿ" ಎಂದು ಬಂತು.

"ಸೋತ್ರಿ ಅಂತ ಯಾಕ ಬರದೀದಿ ಅಳಿಯಾ?" ಎಂದರು ಮಾವ.

"ಕೋಟಿ ಬಿತ್ತಲ್ಲ ಮಾಮಾ."

"ಕೋಟಿ ಬಿತ್ತು. ನಾಯಕ ಎಲ್ಲಿ ಬಿದ್ದ? ಅಂವ ರಾತ್ರೋರಾತ್ರಿ ಮಂದೀನ್ನ ಕರ್ಕೊಂಡು ಹೋದ. ಬಾದಶಾ ಬಂದು ನೋಡಿದ್ರ ಸುಟ್ಟ ಮನಿ ಬಿಟ್ಟು ಏನಿತ್ತಲ್ಲಿ?"

ಇಷ್ಟು ಹೇಳಿ ಅವರು ಎತ್ತಿಗೆ ನೀರು ಕುಡಿಸಲು ಹೋದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ವಾಗಣಗೇರಾ ಇರುವುದು ಸುರಪುರದ ಹತ್ತಿರ, ಈಗಿನ ಯಾದಗಿರಿ ಜಿಲ್ಲೆಯಲ್ಲಿ. 1705ರ ಫೆಬ್ರುವರಿಯಲ್ಲಿ ಔರಂಗಜೇಬ ತಾನೇ ಇಲ್ಲಿಗೆ ಬಂದ. ಆಗ ಅವನಿಗೆ 86 ವರ್ಷ. ಬೇಡರ ದೊರೆ ಪಿಡ್ಡನಾಯಕನ ಮೇಲೆ ಆ ಮುತ್ತಿಗೆ. ಏಪ್ರಿಲ್ ಕೊನೆಯ ತನಕ ನಡೆಯಿತು. ಔರಂಗಜೇಬ ತಾನೇ ಮುಂದೆ ನಿಂತು ಮಾಡಿದ ಕೊನೆಯ ಮುತ್ತಿಗೆ ಇದು. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಬಾದಶಾ ಅಲ್ಲೇ ಪಕ್ಕದ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಉಳಿದ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ಸುರಪುರ ಸಂಸ್ಥಾನ 1858ರ ತನಕ ಬದುಕಿತ್ತು.

ದಿಲ್ಲಿಯ ದೊರೆಯನ್ನು ಮೂರು ತಿಂಗಳ ಹತ್ತಿರ ತಡೆದು ನಿಲ್ಲಿಸಿದ ಈ ಗುಡ್ಡದ ಬಗ್ಗೆ ಶಾಲೆಯಲ್ಲಿ ನನಗೆ ಯಾರೂ ಒಂದು ಸಾಲು ಹೇಳಿರಲಿಲ್ಲ. ಅದಕ್ಕೇ ಈ ಆಟ.

ಕೆಲಸ ಶುರು ಮಾಡಿದ್ದು 2021ರಲ್ಲಿ, ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ. ಹಗಲು ಒಂದು ಕಂಪನಿಗೆ ಮನೆಯಿಂದಲೇ ಕೋಡ್ ಬರೆಯುತ್ತೇನೆ. ಆಟದ ಕೆಲಸ ರಾತ್ರಿ. ಗೊಡೊ ಎಂಬ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ಬಳಸಿದೆ. ಪುಕ್ಕಟೆ ಸಿಗುತ್ತದೆ, ಅದರ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಆದರೆ ಆಗ ಇದ್ದ ಮೂರನೇ ಆವೃತ್ತಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. "ಪಿಡ್ಡನಾಯಕ" ಎಂದು ಬರೆದರೆ "ಪಿಡ್‌ಡನಾಯಕ" ಎಂದು ತೋರಿಸುತ್ತಿತ್ತು. ನಮ್ಮ ನೆಲದ ಕಥೆ, ನಮ್ಮ ದೊರೆಯ ಹೆಸರೇ ಮುರಿದು ಬಿದ್ದಂತೆ! ಬಹಳ ಸಂಕಟವಾಗುತ್ತಿತ್ತು. ಒಂದೂವರೆ ವರ್ಷ ಪ್ರತಿ ಹೆಸರನ್ನೂ ಚಿತ್ರವಾಗಿ ಬರೆದು ಅಂಟಿಸಿದೆ. 2023ರ ಮಾರ್ಚ್‌ನಲ್ಲಿ ಗೊಡೊ 4 ಬಂತು. ಅದರಲ್ಲಿ ಕನ್ನಡ ಸರಿಯಾಗಿ ಮೂಡಿತು. ಹಳೆಯ ಕೋಡನ್ನೆಲ್ಲ ಹೊಸದಕ್ಕೆ ಸಾಗಿಸಲು ನಾಲ್ಕು ತಿಂಗಳು ಹೋಯಿತು. ಆ ನಾಲ್ಕು ತಿಂಗಳಿಗೆ ನನಗೆ ಬೇಜಾರಿಲ್ಲ.

2024ರ ಜೂನ್‌ನಲ್ಲಿ ಆಟವನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಅರ್ಲಿ ಆಕ್ಸೆಸ್‌ಗೆ ಬಿಟ್ಟೆ. ಅಂದರೆ ಆಟ ಪೂರ್ತಿ ಆಗುವ ಮೊದಲೇ ಮಾರುವುದು. ನಮ್ಮ ಕಡೆಯವರಿಗೆ ಇದನ್ನು ಹೇಳಲು ನಾನು ಸೀತನಿಯ ಉದಾಹರಣೆ ಕೊಡುತ್ತೇನೆ. ಜೋಳ ಇನ್ನೂ ಹಾಲುಗಾಳು ಇದ್ದಾಗಲೇ ಹೊಲಕ್ಕೆ ಮಂದಿಯನ್ನು ಕರೆದು, ತೆನೆ ಸುಟ್ಟು, ಶೇಂಗಾ ಹಿಂಡಿ ಜೊತೆ ತಿನ್ನಿಸುತ್ತೇವಲ್ಲ, ಹಾಗೆ. ಬಂದವರಿಗೆ ಇದು ರಾಶಿ ಅಲ್ಲ ಅಂತ ಗೊತ್ತಿರುತ್ತದೆ. ಆದರೂ ತಿಂದಿದ್ದು ರುಚಿಯಾಗಿರಬೇಕು. ಹಸಿ ಕಡ್ಡಿ ಕೊಟ್ಟು "ಮುಂದೆ ಚಲೋ ಬೆಳೀತದ" ಅಂದರೆ ಯಾರು ಒಪ್ಪುತ್ತಾರೆ?

ಸ್ಟೀಮ್‌ನವರು 2013ರಲ್ಲಿ ಈ ವ್ಯವಸ್ಥೆ ತಂದರು. ಆಟ ಹಾಕಲು 100 ಡಾಲರ್ ಕಟ್ಟಬೇಕು. ಮಾರಾಟವಾದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಅವರದು. ಅರ್ಲಿ ಆಕ್ಸೆಸ್ ಆದರೆ ಆಟದ ಪುಟದಲ್ಲೇ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಯಾಕೆ ಈಗಲೇ ಮಾರುತ್ತಿದ್ದೀರಿ, ಎಷ್ಟು ದಿನ ಹಿಡಿಯುತ್ತದೆ, ಈಗ ಏನಿದೆ, ಪೂರ್ತಿ ಆಟ ಹೇಗೆ ಬೇರೆ ಇರುತ್ತದೆ, ಬೆಲೆ ಬದಲಾಗುತ್ತದಾ, ಆಡುವವರ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತೀರಿ. ಇವನ್ನು ಬರೆಯಲು ನನಗೆ ಒಂದು ವಾರ ಬೇಕಾಯಿತು. "ಎಷ್ಟು ದಿನ" ಎಂಬ ಕಡೆ ಪೆನ್ನು ನಿಂತುಬಿಟ್ಟಿತು. ಬ್ಯಾನರ್‌ಲಾರ್ಡ್ ಎಂಬ ಆಟ 2020ರ ಮಾರ್ಚ್‌ನಲ್ಲಿ ಹೀಗೆ ಬಂದು, ಪೂರ್ತಿಯಾಗಿದ್ದು 2022ರ ಅಕ್ಟೋಬರ್‌ನಲ್ಲಿ. ಅದನ್ನು ಮಾಡಿದ್ದು ಟರ್ಕಿಯ ಅಂಕಾರಾದ ಒಂದು ದೊಡ್ಡ ತಂಡ. ನಾನು ಒಬ್ಬ. ಕೊನೆಗೆ "ಎರಡು ವರ್ಷ ಆಗಬಹುದು, ಜಾಸ್ತಿಯೂ ಆಗಬಹುದು" ಎಂದು ಬರೆದೆ. ಮಾಡದ ಕೆಲಸದ ಪಟ್ಟಿ ಹಾಕಲಿಲ್ಲ. ಮುಂದೆ ಕೊಡುತ್ತೇನೆ ಅಂತ ಮಾತು ಕೊಟ್ಟು ಹಣ ತಗೊಳ್ಳುವುದು ಸಾಲ ಮಾಡಿದ ಹಾಗೆ ಎಂದು ನನ್ನ ನಂಬಿಕೆ.

ಬೆಲೆ 349 ರೂಪಾಯಿ ಇಟ್ಟೆ. ಮೊದಲ ವಾರ 41 ಜನ ತೆಗೆದುಕೊಂಡರು. ಅದರಲ್ಲಿ 11 ಜನ ವಾಪಸ್ ಕೊಟ್ಟರು.

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ಅದು ನ್ಯಾಯವೇ. ವಾಪಸ್ ಕೊಡುವವರು ಕಾರಣ ಬರೆದರೆ ನಮಗೂ ಕಾಣುತ್ತದೆ. ಅಷ್ಟೂ ಕಾರಣಗಳನ್ನು ವಹಿಯಲ್ಲಿ ಬರೆದು ಇಟ್ಟುಕೊಂಡೆ. ಕೆಲವರು ತೋಪಿನ ಬಂಡಿಗಳು ಬಂಡೆಗಲ್ಲಿನೊಳಗೆ ತೂರಿ ಹೋಗುತ್ತವೆ ಎಂದಿದ್ದರು. ಅದು ದಾರಿ ಹುಡುಕುವ ಲೆಕ್ಕದ ತಪ್ಪು, ಎರಡು ವಾರದಲ್ಲಿ ಸರಿಮಾಡಿದೆ. ಆದರೆ ಹೆಚ್ಚಿನವರು ಬರೆದಿದ್ದು ಒಂದೇ ಮಾತು: ಏನು ಮಾಡಿದರೂ ಸೋಲುತ್ತೇವೆ. ಕೋಟೆ ಎದುರಿನ ಲಾಲ್ ಟೇಕ್ಡಿ ಗುಡ್ಡ ಮೊಗಲರ ಕೈಗೆ ಹೋದ ಕೂಡಲೇ ಆಟ ಬಿಟ್ಟು ಎದ್ದಿದ್ದರು.

ನಾನು ಮಾಡಿದ್ದೇನು ಗೊತ್ತಾ? ಬೇಡರ ಕೋವಿಗೆ ಬಲ ಜಾಸ್ತಿ ಮಾಡಿದೆ. ಬೇಡರು ಗುರಿಗಾರರು ಎಂಬುದು ನಿಜ, ಹಾಗಾಗಿ ತಪ್ಪು ಅನ್ನಿಸಲಿಲ್ಲ. ಆಮೇಲೆ ಎಲ್ಲರೂ ಗೆಲ್ಲತೊಡಗಿದರು. ಬಾದಶಾ ಮಾರ್ಚ್‌ನಲ್ಲೇ ಡೇರೆ ಕಿತ್ತು ಹೋಗುತ್ತಿದ್ದ. ಸುಳ್ಳು ಇತಿಹಾಸ ಬರೆದಂತಾಯಿತು. ಮತ್ತೆ ಬಲ ಇಳಿಸಿದೆ, ಮತ್ತೆ ಜನ ಸೋತರು, ಮತ್ತೆ ಬಯ್ದರು. ದೀಪಾವಳಿ ತನಕ ಹೀಗೇ ಜಗ್ಗಾಡಿದೆ.

ಮಾವನ ಮಾತು ಬಂದಿದ್ದು ಆ ಹೊತ್ತಿಗೆ. ಪ್ರಶ್ನೆ ಕೋವಿಯದ್ದಾಗಿರಲಿಲ್ಲ. ಗೆಲುವು ಅಂದರೆ ಏನು ಅನ್ನುವುದನ್ನೇ ನಾನು ತಪ್ಪು ಬರೆದಿದ್ದೆ. ನಾನು ಆಡಿ ಬೆಳೆದ ಯುದ್ಧದ ಆಟಗಳಲ್ಲಿ ಕೋಟೆ ಉಳಿದರೆ ಗೆಲುವು, ಬಿದ್ದರೆ ಸೋಲು. ಅದನ್ನೇ ಯೋಚಿಸದೆ ತಂದು ನಮ್ಮ ಗುಡ್ಡದ ಮೇಲೆ ಹೇರಿದ್ದೆ.

ಪಿಡ್ಡನಾಯಕ ಮಾಡಿದ್ದನ್ನು ಮತ್ತೆ ಮೊದಲಿಂದ ಓದಿದೆ. ಅವನು ಗಳಿಸಿದ್ದು ದಿನಗಳನ್ನು. ಸಂಧಿ ಮಾತಿಗೆ ತಮ್ಮನನ್ನೇ ಮೊಗಲರ ಪಾಳೆಯಕ್ಕೆ ಕಳಿಸಿದ. ಅಷ್ಟರಲ್ಲಿ ನಾಯಕನಿಗೆ ಹುಚ್ಚು ಹಿಡಿದಿದೆ, ಮರಾಠರ ಜೊತೆ ಓಡಿಹೋಗಿದ್ದಾನೆ ಎಂಬ ಸುದ್ದಿಯನ್ನು ಕೋಟೆಯವರೇ ಹಬ್ಬಿಸಿದರು. ಧನಾಜಿ ಜಾಧವನಂಥ ಮರಾಠಾ ಸರದಾರರು ಕುದುರೆ ದಂಡು ಕಟ್ಟಿಕೊಂಡು ನೆರವಿಗೆ ಬಂದರು. ಅವರ ಹೆಂಡಿರು ಮಕ್ಕಳು ಕೋಟೆಯೊಳಗೇ ಆಶ್ರಯ ಪಡೆದಿದ್ದರು. ಕೊನೆಗೆ ಮೊಗಲರ ಸೇನಾಪತಿ ಜುಲ್ಫಿಕಾರ್ ಖಾನ್ ಬಂದು ನೀರಿನ ಬಾವಿಗಳನ್ನು ಹಿಡಿದ ಮೇಲೆ ನಿಲ್ಲುವುದು ಕಷ್ಟವಾಯಿತು. ಆಗ ಮನೆಗಳಿಗೆ ಬೆಂಕಿ ಇಟ್ಟು ಕತ್ತಲಲ್ಲಿ ಹೊರಬಿದ್ದರು. ಇಲ್ಲಿ ಪ್ರತಿಯೊಂದೂ ಹೊತ್ತನ್ನು ಕೊಳ್ಳುವ ಉಪಾಯ, ಅಲ್ವಾ?

ಈಗ ಆಟದಲ್ಲಿ ದಿನಗಳೇ ಬಂಡವಾಳ. ಸಂಧಿಗೆ ಆಳು ಕಳಿಸಿದರೆ ಮೂರು ದಿನ ತೋಪು ಸುಮ್ನಿರುತ್ತದೆ. ಸುಳ್ಳು ಸುದ್ದಿ ಹಬ್ಬಿಸಿದರೆ ಇನ್ನೆರಡು. ಆದರೆ ಎರಡನೇ ಸಲ ಅದೇ ಸುಳ್ಳನ್ನು ಯಾರೂ ನಂಬುವುದಿಲ್ಲ. ಕೋಟೆ ಬಿಡುವ ರಾತ್ರಿಯನ್ನು ಆಡುವವರೇ ಆರಿಸಬೇಕು. ಬೇಗ ಬಿಟ್ಟರೆ ಬಾದಶಾನ ಕುದುರೆಗಳು ದಣಿದಿರುವುದಿಲ್ಲ, ಬೆನ್ನು ಹತ್ತುತ್ತವೆ. ತಡಮಾಡಿದರೆ ನಡೆಯುವ ಶಕ್ತಿ ಮಂದಿಗೇ ಇರುವುದಿಲ್ಲ.

ಆ "ನಡೆಯುವ ಶಕ್ತಿ"ಗೆ ಎಷ್ಟು ಅಂಕ ಇಡಬೇಕು ಎಂದು ತಿಳಿಯಲು ಈ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದೆ. ಬೆಳಿಗ್ಗೆ ಐದಕ್ಕೆ ಕಲಬುರಗಿಯಿಂದ ಬೈಕ್ ಹತ್ತಿ, ಕಟ್ಟಿಸಂಗಾವಿ ಹತ್ತಿರ ಭೀಮೆ ದಾಟಿ, ಜೇವರ್ಗಿ, ಶಹಾಪುರ ಮೇಲೆ ಹೋಗಿ ಮಾವನನ್ನು ಕೂರಿಸಿಕೊಂಡೆ. ವಾಗಣಗೇರಾ ಮುಟ್ಟುವಾಗ ಬಿಸಿಲು ಏರಿತ್ತು. ಬಂಡೆ ಮುಟ್ಟಿದರೆ ಅಂಗೈ ಚುರ್ ಅನ್ನುತ್ತಿತ್ತು. ಎರಡು ಲೀಟರ್ ನೀರು ಒಯ್ದಿದ್ದೆ. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಖಾಲಿ. ಮಾವ ಮಾತ್ರ ಒಂದು ಗುಟುಕೂ ಕೇಳಲಿಲ್ಲ. ತಲೆಗೆ ಟವೆಲ್ ಸುತ್ತಿ ಬಂಡೆಯಿಂದ ಬಂಡೆಗೆ ನೆರಳು ಹಿಡಿದೇ ನಡೆದರು. "ಬಿಸಲಾಗ ಯಾರ ನಡೀತಾರೊ, ನೆರಳಾಗ ನಡಿ" ಎಂದರು. ನಮ್ಮ ಎಡಕ್ಕೆ ಹತ್ತು ಹೆಜ್ಜೆಗೊಂದು ನೆರಳಿತ್ತು, ನಾನು ನೋಡಿರಲೇ ಇಲ್ಲ.

ಮನೆಗೆ ಬಂದು ನೀರಡಿಕೆಯ ಲೆಕ್ಕ ಪೂರ್ತಿ ಬದಲಿಸಿದೆ. ಈಗ ಬೇಡರ ಪಡೆ ಬಂಡೆಗಳ ನೆರಳಲ್ಲಿ ಸಾಗಿದರೆ ಅರ್ಧ ನೀರು ಸಾಕು. ಹೊರಗಿನಿಂದ ಬಂದ ಸೈನ್ಯಕ್ಕೆ ಆ ದಾರಿ ಗೊತ್ತಿಲ್ಲ. ಈ ಒಂದು ಬದಲಾವಣೆಯಿಂದ ಆಟ ಬೇರೆಯೇ ಆಯಿತು. ಕೋವಿಯ ಬಲ ಮುಟ್ಟಲೇ ಇಲ್ಲ.

ಆಡುವವರೂ ಎಷ್ಟು ಕಲಿಸಿದರು! ಮೊಗಲರ ಪಾಳೆಯಕ್ಕೆ ಬಂಜಾರರು ಎತ್ತುಗಳ ಮೇಲೆ ದವಸ ತರುತ್ತಿದ್ದರು. ಅದು ಆಟದಲ್ಲೂ ಇದೆ. ಹುಬ್ಬಳ್ಳಿಯ ಒಬ್ಬ ಹುಡುಗ ಒಂದೇ ಕುದುರೆಯನ್ನು ಆ ದಾರಿಗೆ ಅಡ್ಡ ನಿಲ್ಲಿಸಿ ಇಡೀ ಸೈನ್ಯವನ್ನು ಉಪವಾಸ ಕೆಡವಿ, ತನ್ನ ಸೇವ್ ಫೈಲ್ (ಆಡಿದಷ್ಟನ್ನು ಉಳಿಸಿಟ್ಟ ಫೈಲ್) ನನಗೆ ಕಳಿಸಿದ. ಈಗ ಎತ್ತುಗಳು ಸುತ್ತು ಹೊಡೆದು ಬರುತ್ತವೆ, ಅವುಗಳ ಜೊತೆ ಕಾವಲೂ ಇರುತ್ತದೆ. ಇನ್ನೊಮ್ಮೆ ನನ್ನ ಒಂದು ಅಪ್‌ಡೇಟ್‌ನಿಂದ ಎಲ್ಲರ ಹಳೆಯ ಸೇವ್‌ಗಳು ಹಾಳಾದವು. ಮೂವತ್ತು ತಾಸು ಆಡಿದವರೊಬ್ಬರು ಬರೀ "ಯಾಕೆ?" ಎಂದು ಬರೆದಿದ್ದರು. ಅವರಿಗೆ ಕ್ಷಮೆ ಕೇಳಿ ಬರೆದೆ. ಅಂದಿನಿಂದ ಹೊಸದನ್ನು ಮೊದಲು ಬೇರೆ ಬೀಟಾ ಕವಲಿನಲ್ಲಿ ಬಿಡುತ್ತೇನೆ. ಇಷ್ಟ ಇದ್ದವರು ಅಲ್ಲಿ ಆಡಿ ನೋಡುತ್ತಾರೆ. ಹತ್ತು ದಿನ ತೊಂದರೆ ಬರದಿದ್ದರೆ ಮಾತ್ರ ಎಲ್ಲರಿಗೂ.

ಎಲ್ಲರ ಮಾತನ್ನೂ ಕೇಳುತ್ತೇನೆ ಅಂದರೂ ಒಂದು ವಿಷಯದಲ್ಲಿ ಕೇಳುವುದಿಲ್ಲ. ಇದನ್ನು ಧರ್ಮಯುದ್ಧವಾಗಿ ತೋರಿಸಿ, ಘೋಷಣೆ ಸೇರಿಸಿ ಎಂದು ಪದೇಪದೇ ಬರೆಯುವವರಿದ್ದಾರೆ. ಮೊಗಲರ ಕಡೆ ದಲಪತ್ ರಾವ್ ಬುಂದೇಲನಂಥ ರಜಪೂತ ಸರದಾರರು ಇದ್ದರು. ಆ ಹೊತ್ತಿನ ಜಗಳ ನೆಲಕ್ಕೆ, ಕಪ್ಪಕ್ಕೆ, ಮಾನಕ್ಕೆ ನಡೆದದ್ದು. ನಾನು ಶರಣಬಸವೇಶ್ವರ ಜಾತ್ರೆಗೂ ಬಂದೇ ನವಾಜ್ ಉರುಸಿಗೂ ಅಪ್ಪನ ಹೆಗಲ ಮೇಲೆ ಕೂತು ಹೋದವನು. ಆ ಘೋಷಣೆಗಳನ್ನು ನನ್ನ ಕೈಯಿಂದ ಬರೆಯಲಾರೆ.

ಈಗ 0.6 ಆವೃತ್ತಿಯ ಕೆಲಸ ನಡೆದಿದೆ. ಕೊನೆಯ ರಾತ್ರಿಯೇ ಇನ್ನೂ ಸರಿಹೋಗಿಲ್ಲ. ಮನೆಗಳಿಗೆ ಬೆಂಕಿ ಇಟ್ಟ ಕ್ಷಣವೇ ಮೊಗಲರ ಪಾಳೆಯದ ಎಲ್ಲ ಕಾವಲುಗಾರರೂ ಒಟ್ಟಿಗೆ ತಿರುಗಿ ನೋಡುತ್ತಾರೆ. ಹಾಗಾಗಬಾರದು. ಮೊದಲು ಯಾರೋ ಒಬ್ಬನಿಗೆ ಹೊಗೆ ವಾಸನೆ ಬರಬೇಕು. ಅವನು ಪಕ್ಕದವನನ್ನು ಎಬ್ಬಿಸಬೇಕು. ಇದು ಬರೀ ಅಡುಗೆ ಒಲೆ ಇರಬಹುದಾ ಎಂದು ಇಬ್ಬರೂ ಸ್ವಲ್ಪ ಹೊತ್ತು ಅನುಮಾನಿಸಬೇಕು. ಆ ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಮುದುಕರು ಗುಡ್ಡ ಇಳಿಯುತ್ತಾರೆ.

"ನೀವು ಸೋತಿರಿ" ಎಂಬ ಪರದೆ ತೆಗೆದಿದ್ದೇನೆ. ಅದರ ಜಾಗದಲ್ಲಿ ಕೋಟೆಯಿಂದ ಎಷ್ಟು ಜನ ಹೊರಗೆ ಬಂದರು, ಅವರಲ್ಲಿ ಎಷ್ಟು ಮಂದಿಗೆ ಕುಡಿಯಲು ನೀರಿದೆ ಎಂದು ಮಾತ್ರ ತೋರಿಸುತ್ತದೆ. ಭಾನುವಾರ ಮಾವ ಕಲಬುರಗಿಗೆ ಬರುತ್ತಾರೆ, ಕಣ್ಣಿನ ಡಾಕ್ಟರ್ ಹತ್ತಿರ ತೋರಿಸಬೇಕಂತೆ. ಹೊಸ ಕನ್ನಡಕ ಬಂದ ಮೇಲೆ ಆ ರಾತ್ರಿಯನ್ನು ಅವರ ಕೈಯಲ್ಲೇ ಆಡಿಸಿ ನೋಡಬೇಕು. ಅಕ್ಷರ ಸ್ವಲ್ಪ ದೊಡ್ಡದು ಮಾಡು ಎಂದು ಈಗಾಗಲೇ ಫೋನ್‌ನಲ್ಲಿ ಹೇಳಿದ್ದಾರೆ.