ಮೂರನೇ ಸಾಲಿಗೆ ನಿಂತ ದನಿ

ಒಂಬತ್ತನೇ ಕ್ಲಾಸಿಗೆ ಭಾಮಿನಿ ಷಟ್ಪದಿ ಹಾಡಿ ತೋರಿಸುತ್ತಿದ್ದೆ. 14 ಮಾತ್ರೆಯ ಮೊದಲೆರಡು ಸಾಲು ಹೇಗೋ ದಾಟಿದವು. ಮೂರನೆಯದು ಉದ್ದ, 23 ಮಾತ್ರೆ. ಅರ್ಧಕ್ಕೆ ದನಿ ಸೀಳಿತು, ಆಮೇಲೆ ಬರೀ ಗಾಳಿ. ಹಿಂದಿನ ಬೆಂಚು ನಕ್ಕಿತು. ಮುಂದೆ ಕೂತ ಹುಡುಗಿ ತನ್ನ ನೀರಿನ ಬಾಟಲಿ ಚಾಚಿದಳು.

ಮೂರು ತಿಂಗಳಿಂದ ಇದೇ ಪಾಡು. ಬೆಳಗ್ಗೆ ಎದ್ದರೆ ಗೊಗ್ಗರು ದನಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ದಿನವಿಡೀ ಕ್ಯಾಕರಿಕೆ. 54 ಮಕ್ಕಳ ಮುಂದೆ, ಗರಗರ ಎನ್ನುವ ಫ್ಯಾನಿನ ಕೆಳಗೆ 18 ವರ್ಷ ಕೂಗಿದ್ದಕ್ಕೆ ಸಿಕ್ಕ ಬಹುಮಾನ ಅಂದುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೊಂದು ಮದ್ದು: ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ, ಪೆಪ್ಪರ್‌ಮಿಂಟು. ಯಾವುದನ್ನೂ ಬಿಡಲಿಲ್ಲ.

ಅವತ್ತು ಸಂಜೆ ದಾವಣಗೆರೆಯಲ್ಲಿ ಗಂಟಲಿನ ಡಾಕ್ಟರ ಹತ್ತಿರ ಹೋದೆ. ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ, “ಈ ಅನ್ನಿ ಮೇಡಂ” ಎಂದರು. ಊರಿಗೆಲ್ಲ ಸ್ವರಾಕ್ಷರ ಹೇಳಿಕೊಟ್ಟವಳು ಕಣ್ಣಲ್ಲಿ ನೀರು ತುಂಬಿಕೊಂಡು “ಈ” ಅಂದೆ. ಗಂಟು ಇರಲಿಲ್ಲ, ಸದ್ಯ. ಧ್ವನಿಪೆಟ್ಟಿಗೆಯ ಹಿಂಭಾಗ ಮಾತ್ರ ಕೆಂಪಗೆ ಊದಿತ್ತು. ಎಷ್ಟು ಪೀರಿಯಡ್ ಪಾಠ ಮಾಡ್ತೀರಿ ಅಂತ ಕೇಳುತ್ತಾರೆ ಅಂದುಕೊಂಡರೆ, “ರಾತ್ರಿ ಊಟ ಎಷ್ಟೊತ್ತಿಗೆ?” ಎಂದರು.

ಪೇಪರು ತಿದ್ದಿ ಮುಗಿಸಿ ಹತ್ತೂವರೆಗೆ ಉಣ್ಣುವುದು, ಹನ್ನೊಂದಕ್ಕೆ ಮಲಗುವುದು. ಶಾಲೆ ಬಿಟ್ಟ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಖಡಕ್ ಚಹಾ. ದಾವಣಗೆರೆ ಸೀಮೆಯವಳು, ಇನ್ನೇನು ತಿನ್ನಲಿ?

“ಎದೆ ಉರೀನೇ ಇಲ್ವಲ್ಲ ಸಾರ್?”

ಉರಿ ಇಲ್ಲದೆಯೂ ಹೊಟ್ಟೆಯ ಆಮ್ಲ, ಪೆಪ್ಸಿನ್ ಎಂಬ ಜೀರ್ಣಕಿಣ್ವ ಗಂಟಲ ತನಕ ಏರುತ್ತವಂತೆ. ಅನ್ನನಾಳ ಅಷ್ಟಿಷ್ಟು ತಾಳಿಕೊಳ್ಳುತ್ತದೆ, ಧ್ವನಿಪೆಟ್ಟಿಗೆಗೆ ಆ ತಾಳಿಕೆಯಿಲ್ಲ. ನಾನು ಚೀಪಿದ ಪೆಪ್ಪರ್‌ಮಿಂಟು ಜಠರದ ಮೇಲ್ಬಾಯಿಯ ಬಿಗಿಯನ್ನು ಇನ್ನಷ್ಟು ಸಡಿಲಿಸುವ ವಸ್ತು! ಕ್ಯಾಕರಿಸಿದಾಗಲೆಲ್ಲ ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಅದರ ಬದಲು ಒಂದು ಗುಟುಕು ನೀರು ಕುಡಿಯಬೇಕು. ಪಿಸುಮಾತು ಆಡಿದರೆ ಗಂಟಲಿಗೆ ವಿಶ್ರಾಂತಿ ಅನ್ನುವುದೂ ಸುಳ್ಳು.

ತಿಂಡಿಗೆ ಅರ್ಧ ಗಂಟೆ ಮೊದಲು ಒಂದು ಮಾತ್ರೆ. ಮಲಗುವ ಮೂರು ಗಂಟೆ ಮುಂಚೆ ಊಟ. ಮಂಚದ ತಲೆಯ ಕಡೆ ಆರಿಂಚು ಎತ್ತರಿಸಲು ನಮ್ಮ ಮನೆಯವರು ಇಟ್ಟಿಗೆ ಕೊಟ್ಟರು. ಮೊದಲ ವಾರ ಬೆಳಗಾಗುವಷ್ಟರಲ್ಲಿ ಇಬ್ಬರೂ ಜಾರಿ ಕಾಲ್ದೆಸೆ ಸೇರಿರುತ್ತಿದ್ದೆವು.

ರಜೆ ಅರ್ಜಿಯಲ್ಲಿ ‘ದನಿಗೆ ವಿಶ್ರಾಂತಿ’ ಎಂದು ಬರೆದೆ. ಹೆಡ್‌ಮಾಸ್ತರು ಓದಿ, “ಜ್ವರ ಅಂತ ಬರೀರಿ ಮೇಡಂ, ಇದಕ್ಕೆಲ್ಲ ಯಾರು ರಜೆ ಕೊಡ್ತಾರೆ?” ಎಂದರು. ಬರೆದೆ. ಮೇಷ್ಟರ ದನಿ ಕೆಡುವುದು ಕಾಯಿಲೆಯೇ ಅಲ್ಲ.

ಐದನೇ ವಾರಕ್ಕೂ ದನಿ ಪೂರ್ತಿ ಮರಳಿರಲಿಲ್ಲ. ಅದೇ ಪದ್ಯ ಮತ್ತೆ ತೆಗೆದೆ. ನಾನು ಮಾತ್ರೆ ಎಣಿಸುತ್ತ ಡಸ್ಟರಿನಿಂದ ಮೇಜು ಕುಟ್ಟುವುದು, ಮಕ್ಕಳು ಹಾಡುವುದು. ಮೂರು, ನಾಲ್ಕು. ಮೂರು, ನಾಲ್ಕು. ಹಿಂದಿನ ಬೆಂಚಿನದೇ ಜೋರು. ಮೂರನೇ ಸಾಲಿನ ಕೊನೆಯ ಗುರು ಅಕ್ಷರವನ್ನು ಎಳೆದೂ ಎಳೆದೂ ಪಕ್ಕದ ಕ್ಲಾಸಿನ ಗಣಿತದ ಮೇಷ್ಟರು ಬಾಗಿಲಿಗೆ ಬಂದು ನಿಲ್ಲುವಂತೆ ಮಾಡಿದರು.